ಬರೇ ಡಬ್ಬ ಕಳಿಸಬಾರದು

ಖಾಲಿ ಜಾಗ ಕಂಡರೆ ಕೆಲವರಿಗೆ ಮನಸ್ಸು ಹಗುರಾಗುತ್ತದಂತೆ. ನನಗೆ ಮಾತ್ರ ಅಲ್ಲಿ ಏನಿಡಬಹುದು ಎಂಬ ಯೋಚನೆ ಶುರುವಾಗುತ್ತದೆ. ಇಪ್ಪತ್ತೆರಡು ವರ್ಷ ಸ್ಟೋರ್ ಕೀಪರ್ ಆಗಿ ದುಡಿದವನ ಚಾಳಿ ಅದು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಚೀಲ ಇಡುತ್ತೇನೆ, ಚೀಲ ಇಲ್ಲದಿದ್ದರೆ ನಾನೇ ಅರ್ಧ ಸರಿದು ಕೂರುತ್ತೇನೆ. ಸರಿದು ಕೂರುವಷ್ಟು ಸರಕು ನನ್ನ ಮೈಮೇಲೆಯೇ ಇದೆ ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಎಂಬತ್ತೆಂಟು ಕಿಲೋ ಇದ್ದೆ. ಇಂಥವನನ್ನು ಹುಡುಕಿ ‘ಲೀನ್’ ಕಲಿಯಲು, ಅಂದರೆ ಕಾರಖಾನೆಯ ಬೊಜ್ಜು ಕರಗಿಸುವ ವಿದ್ಯೆ ಕಲಿಯಲು ಪುಣೆಗೆ ಕಳಿಸಿದರು. ಆ ವಿದ್ಯೆಯಿಂದ ನನ್ನ ನೌಕರಿ ಹೋಗುವುದರಲ್ಲಿತ್ತು. ಹೋಗದೆ ಉಳಿದದ್ದು ಮುರಗೋಡದ ಒಂದು ಬೆಲ್ಲದ ಉಂಡೆಯಿಂದ. ಅದನ್ನು ನೆನೆದರೆ ಇವತ್ತಿಗೂ ಒಂದು ದೊಡ್ಡ ಉಸಿರು ತಾನಾಗಿಯೇ ಹೊರಬರುತ್ತದೆ.

ನಾನು ಕೆಲಸಕ್ಕಿದ್ದದ್ದು ಬೈಲಹೊಂಗಲದ ಒಂದು ಸಣ್ಣ ಕಾರಖಾನೆಯಲ್ಲಿ. ಹೊಲಕ್ಕೆ ಔಷಧ ಹೊಡೆಯುವ, ಬೆನ್ನಿಗೆ ಕಟ್ಟಿಕೊಳ್ಳುವ ಪಂಪು ಅಲ್ಲಿ ತಯಾರಾಗುತ್ತಿದ್ದವು. ಮಾಲಕರ ಮನೆತನ ಮೂರು ತಲೆಮಾರಿನಿಂದ ಹತ್ತಿಯ ವ್ಯಾಪಾರದ್ದು. ಊರೆಲ್ಲ ಅವರನ್ನು ಸಾವಕಾರರು ಎನ್ನುತ್ತಿತ್ತು, ನಾವೂ ಹಾಗೇ ಕರೆಯುತ್ತಿದ್ದೆವು. ಅವರಿಗೆ ಗೋದಾಮು ಎಂದರೆ ಬಾಗಿಲು ತೆಗೆದ ಕೂಡಲೇ ಮಾಲು ಮೈಮೇಲೆ ಬೀಳುವಂತಿರಬೇಕು. “ಮಾಲ ಇದ್ದಾಂವ ಸಾವಕಾರ, ಇಲ್ಲದಾಂವ ದಲಾಲ,” ಎನ್ನುವುದು ಅವರ ತಂದೆಯ ಮಾತಂತೆ. ನನಗೆ ಇದಕ್ಕಿಂತ ಒಳ್ಳೆಯ ಯಜಮಾನ ಸಿಗುವುದುಂಟೇ. ಇಬ್ಬರೂ ಕೂಡಿ ಗೋದಾಮನ್ನು ಎಷ್ಟು ತುಂಬಿದ್ದೆವೆಂದರೆ, ಒಮ್ಮೆ ಒಳಗಿಟ್ಟ ಸಾಮಾನು ಹುಡುಕುವುದಕ್ಕಿಂತ ಪೇಟೆಯಿಂದ ಹೊಸದು ತರುವುದು ಬೇಗ ಆಗುತ್ತಿತ್ತು. ತಂದ ಹೊಸದನ್ನೂ ಅಲ್ಲಿಯೇ ಇಡುತ್ತಿದ್ದೆವು.

ಹೀಗೆ ಸುಖವಾಗಿದ್ದ ಕಾಲಕ್ಕೆ ಪುಣೆಯ ಒಂದು ದೊಡ್ಡ ಕಂಪನಿ ನಮ್ಮ ಪಂಪು ಕೊಳ್ಳಲು ಮುಂದೆ ಬಂತು. ವರ್ಷವಿಡೀ ನಡೆಯುವಷ್ಟು ದೊಡ್ಡ ಕೆಲಸ. ಆದರೆ ಒಂದು ಷರತ್ತು ಹಾಕಿದರು: ಮಾಲು ರಾಶಿ ಹಾಕಿಟ್ಟುಕೊಳ್ಳುವ ಪದ್ಧತಿ ಬಿಡಬೇಕು, ಬೇಕಾದದ್ದು ಬೇಕಾದಾಗ ಬೇಕಾದಷ್ಟೇ ಬರಬೇಕು, ಮೊದಲು ಒಬ್ಬರನ್ನು ಕಲಿಯಲು ಕಳಿಸಿ. “ಅಂಗಡಿಯವರ, ನೀವ ಹೋಗಿ ಬರ್ರಿ. ಮಾಲ ಇಟ್ಟಾವ್ರು ನೀವು, ತಗ್ಯಾವ್ರೂ ನೀವ ಆಗ್ರಿ,” ಎಂದರು ಸಾವಕಾರರು. ಅಂಗಡಿ ನನ್ನ ಅಡ್ಡಹೆಸರು.

ಪುಣೆಯಲ್ಲಿ ಮೂರು ದಿನ ಪಾಠ. ಕಲಿಸಿದವರು ದೇಶಪಾಂಡೆ ಎಂಬ ಸಾಹೇಬರು, ಆ ಕಂಪನಿಯವರೇ. ಒಣಗಿದ ಹುಣಸೆಕಾಯಿಯಂತೆ ಸಣಕಲು, ಆ ವಿದ್ಯೆಗೆ ಹೇಳಿ ಮಾಡಿಸಿದ ಮೈಕಟ್ಟು. ಮೊದಲ ದಿನವೇ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಚಹಾದ ಕಪ್ಪು ಕೈಗೆ ಕೊಟ್ಟು ಕುಡಿಯಲು ಹೇಳಿದರು. ಕುಡಿದು ಕೆಳಗಿಟ್ಟ ಕೂಡಲೇ ಮಾಣಿ ಬಂದು ತುಂಬಿದ. ಅರ್ಧ ಕುಡಿದು ಇಟ್ಟಾಗ ಬರಲಿಲ್ಲ. ಪೂರ್ತಿ ಬರಿದಾದಾಗ ಮತ್ತೆ ಬಂದ. “ನೋಡಿ, ನೀವು ಬಾಯಿಬಿಟ್ಟು ಕೇಳಲಿಲ್ಲ. ಖಾಲಿ ಕಪ್ಪೇ ಕೇಳಿತು. ಕಾರಖಾನೆಯೂ ಹೀಗೇ ನಡೆಯಬೇಕು. ಖಾಲಿ ಡಬ್ಬವೇ ಚೀಟಿ, ಖಾಲಿ ಡಬ್ಬವೇ ಫೋನು,” ಎಂದರು. ಜಪಾನಿನವರು ಇದಕ್ಕೆ ಕಾನ್‌ಬಾನ್ ಎನ್ನುತ್ತಾರಂತೆ. ನಿಯಮ ನಿಜವೋ ಸುಳ್ಳೋ ಖಾತ್ರಿ ಮಾಡಿಕೊಳ್ಳಲು ನಾನು ಏಳು ಕಪ್ಪು ಕುಡಿದೆ. ಏಳು ಸಲವೂ ನಿಜವೇ ಆಯಿತು. ಆ ರಾತ್ರಿ ನಿದ್ದೆ ಬರದಿದ್ದದ್ದು ಜ್ಞಾನೋದಯದಿಂದ ಎಂದು ನಾನು ತಿಳಿದುಕೊಂಡೆ.

ಹೊಸದಾಗಿ ಮತ ಸೇರಿದವನ ಭಕ್ತಿ ಹೆಚ್ಚು ಎನ್ನುತ್ತಾರಲ್ಲ, ಊರಿಗೆ ಬಂದವನೇ ನಾನು ಕೆಂಪು ಚೀಟಿಯ ಕಟ್ಟು ಹಿಡಿದು ಗೋದಾಮಿಗೆ ನುಗ್ಗಿದೆ. ಬೇಡದ ಸಾಮಾನಿಗೆಲ್ಲ ಕೆಂಪು ಚೀಟಿ ಕಟ್ಟಬೇಕು, ಒಂದು ತಿಂಗಳೊಳಗೆ ಯಾರೂ ಬೇಕೆಂದು ಬರದಿದ್ದರೆ ಅದನ್ನು ಹೊರಗೆ ಹಾಕಬೇಕು. ಮೂರು ದಿನದಲ್ಲಿ ಗೋದಾಮು ಜಂಬೂ ಸವಾರಿಗೆ ಹೊರಟಂತೆ ಕೆಂಪಾಯಿತು. ನಾನೇ ಹನ್ನೆರಡು ವರ್ಷ ಹಿಂದೆ ಹಟ ಹಿಡಿದು ತರಿಸಿದ ಸಾಮಾನಿಗೆ ನಾನೇ ಚೀಟಿ ಕಟ್ಟುವಾಗ ಮಾತ್ರ ಯಾರೂ ನೋಡುತ್ತಿಲ್ಲವಲ್ಲ ಎಂದು ಸುತ್ತ ನೋಡಿಕೊಂಡೆ. ಹುರುಪಿನಲ್ಲಿ ಆಫೀಸಿನ ಮೂಲೆಯಲ್ಲಿದ್ದ ಹಳೇ ಗಾದಿಗೂ ಒಂದು ಚೀಟಿ ಕಟ್ಟಿದೆ. ಸಾವಕಾರರು ಅದನ್ನು ಬಿಚ್ಚಿ ನನ್ನ ಕೈಗಿಟ್ಟು, “ಇದು ನಮ್ಮ ಅಪ್ಪಾರು ಕುಂತಿದ್ದ ಗಾದಿ. ಇದಕ್ಕ ನಿಮ್ಮ ಜಪಾನ ಮುಟ್ಟೂದಿಲ್ಲ,” ಎಂದರು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೋಯಿತು. ಗೋದಾಮಿನಲ್ಲಿ ಕೆಮ್ಮಿದರೆ ದನಿ ಮರಳಿ ಬರತೊಡಗಿತು. ಸಾವಕಾರರು ದಿನಾ ಒಮ್ಮೆ ಬಾಗಿಲಲ್ಲಿ ನಿಂತು ಒಳಗೆ ನೋಡಿ ಹಿಂದೆ ಹೋಗುತ್ತಿದ್ದರು. ಅವರ ಮುಖ ನೋಡಿದರೆ ನನಗೂ ಸ್ವಲ್ಪ ಕಸಿವಿಸಿಯಾಗುತ್ತಿತ್ತು.

ಮನೆಯಲ್ಲೂ ಈ ಉಪದೇಶ ಶುರು ಮಾಡಿದ್ದೆ ಎಂದರೆ ನೀವು ನಂಬುತ್ತೀರಿ. ಆದರೆ ನನ್ನ ಹೆಂಡತಿ ಶಾಂತಾ ನನ್ನ ಕೆಂಪು ಚೀಟಿಯ ಕಟ್ಟನ್ನು ಒಲೆ ಹೊತ್ತಿಸಲು ಬಳಸಿದ್ದರಿಂದ ಅಡುಗೆಮನೆಯೊಳಗೆ ಲೀನ್ ಕಾಲಿಡಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಒಂದೇ ಒಂದು ಸ್ಟೀಲ್ ಡಬ್ಬಿ. ಅದು ಪಕ್ಕದ ಮನೆಯ ಸುಶೀಲಾಬಾಯಿಯವರದು. ನಾಗರ ಪಂಚಮಿಗೆ ಅದರ ತುಂಬ ಉಂಡೆ ಕಳಿಸಿದ್ದರು. ಉಂಡೆ ಮುಗಿದರೂ ಡಬ್ಬಿ ನಮ್ಮ ಮನೆಯ ಕಟ್ಟೆಯ ಮೇಲೇ ಕೂತಿತ್ತು. “ಬೇಡದ ಸಾಮಾನು ಒಂದು ದಿನವೂ ಇರಬಾರದು,” ಎಂದುಕೊಂಡು, ಶಾಂತಾ ಊರಲ್ಲಿಲ್ಲದ ದಿನ, ಅದನ್ನು ತಿಕ್ಕಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಫಳಫಳ ಹೊಳೆಯುವಂತೆ ಮಾಡಿ, ಅವರ ಕೈಗೆ ಕೊಟ್ಟು ಬಂದೆ. ಸುಶೀಲಾಬಾಯಿ ಮುಚ್ಚಳ ತೆಗೆದು ಒಳಗೆ ನೋಡಿದರು. ನನ್ನ ಸ್ವಚ್ಛತೆಯನ್ನು ಮೆಚ್ಚುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಗಣಪತಿ ಹಬ್ಬ ಬಂತು, ಅವರ ಮನೆಯಿಂದ ಕಡುಬು ಬರಲಿಲ್ಲ. ನವರಾತ್ರಿ ಬಂತು, ಏನೂ ಬರಲಿಲ್ಲ. ಬೆಲೆಯೇರಿಕೆ ಎಲ್ಲರ ಕೈ ಬಿಗಿ ಮಾಡಿಸಿದೆ ಎಂದು ನಾನು ದೇಶದ ಆರ್ಥಿಕ ಸ್ಥಿತಿಯ ಬಗ್ಗೆ ಚಿಂತೆ ಮಾಡಿದೆ.

ಇನ್ನು ನಮ್ಮ ಹತ್ತಿರದ ಊರು ಮುರಗೋಡಕ್ಕೆ ಬರುತ್ತೇನೆ. ಪಂಪಿನ ತುದಿಯಲ್ಲಿ ಔಷಧ ಚಿಮ್ಮುವ ಹಿತ್ತಾಳೆಯ ನೋಜಲ್ ಇರುತ್ತದಲ್ಲ, ಅದರೊಳಗೆ ವಾಶರ್ ಕೂರಿಸಿ, ಸ್ಪ್ರಿಂಗ್ ಇಟ್ಟು, ಟೋಪಿ ತಿರುವುವ ಕೆಲಸವನ್ನು ಮುರಗೋಡದ ಒಂಬತ್ತು ಮಂದಿ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಮಾಡುತ್ತಿದ್ದರು. ಅವರಿಗೆ ಮುಂದಾಳು ನೀಲವ್ವ ಎಂಬ ಐವತ್ತು ದಾಟಿದ ಹೆಂಗಸು. ಒಂಬತ್ತು ಮನೆಯ ಸಂತೆ ನಡೆಯುತ್ತಿದ್ದುದು ಆ ಕೂಲಿಯಿಂದಲೇ. ಮೊದಲೆಲ್ಲ ತಿಂಗಳಿಗೊಮ್ಮೆ ಟೆಂಪೊದಲ್ಲಿ ಬಿಡಿಭಾಗಗಳ ಮೂಟೆ ಹೋಗುತ್ತಿತ್ತು, ನೀಲವ್ವನ ಪಡಸಾಲೆಯಲ್ಲಿ ಒಟ್ಟುತ್ತಿದ್ದರು. ಮಗಳ ನಿಶ್ಚಿತಾರ್ಥವನ್ನು ಆಕೆ ಆ ಮೂಟೆಗಳ ಮೇಲೆ ಜಮಖಾನೆ ಹಾಸಿಯೇ ಮಾಡಿದ್ದಳಂತೆ. ನಾನು ಹೋಗಿ ಆ ಮೂಟೆಗಳನ್ನೆಲ್ಲ ಎತ್ತಿಸಿ, ಎರಡು ನೀಲಿ ಪ್ಲಾಸ್ಟಿಕ್ ಡಬ್ಬ ಕೊಟ್ಟೆ. ಒಂದರಲ್ಲಿನ ಭಾಗ ಮುಗಿದ ದಿನವೇ ಖಾಲಿ ಡಬ್ಬವನ್ನು ಬಸ್ಸಿಗೆ ಹಾಕಬೇಕು, ನಾನು ತುಂಬಿ ಮರುಬಸ್ಸಿಗೆ ಕಳಿಸುತ್ತೇನೆ, ಅಷ್ಟರಲ್ಲಿ ಎರಡನೆಯದು ನಡೆಯುತ್ತಿರುತ್ತದೆ. “ನೀವು ಹೇಳಿ ಕಳಸೂದ ಬ್ಯಾಡ, ಚೀಟಿ ಬರಿಯೂದ ಬ್ಯಾಡ. ಖಾಲಿ ಡಬ್ಬ ಬಂತು ಅಂದ್ರ ನನಗ ತಿಳೀತೈತಿ,” ಎಂದು ತಿಳಿಸಿ ಹೇಳಿದೆ. ನೀಲವ್ವ ತಲೆಯಾಡಿಸಿದಳು. ಆದರೆ ಹಿಂದಿನಿಂದ ಒಬ್ಬಾಕೆ ಏನೋ ಪಿಸುಗುಟ್ಟಿದ್ದು, ನೀಲವ್ವ ಆಕೆಯನ್ನು ಕಣ್ಣಲ್ಲೇ ಸುಮ್ಮನಿರಿಸಿದ್ದು ನನಗೆ ಕಂಡಿತು. ಅದೇನೆಂದು ಕೇಳಬೇಕಿತ್ತು.

ಮೊದಲ ಡಬ್ಬ ಬಂದಾಗ ತಳದಲ್ಲಿ ಒಂದು ಬೊಗಸೆ ಶೇಂಗಾ ಇತ್ತು. ಸಂತೋಷದಿಂದ ತಿಂದೆ. ಎರಡನೆಯದರಲ್ಲಿ ಹುರಿದ ಶೇಂಗಾ, ಮೂರನೆಯದರಲ್ಲಿ ನಾಲ್ಕು ಬದನೆಕಾಯಿ. ಅಷ್ಟರಲ್ಲಿ ಪಂಪು ತಪಾಸಣೆ ಮಾಡುವಾಗ ಒಂದು ನೋಜಲ್ಲಿನಿಂದ ನೀರೇ ಚಿಮ್ಮಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಶೇಂಗಾದ ಕೆಂಪು ಸಿಪ್ಪೆ. ನನ್ನೊಳಗಿನ ದೇಶಪಾಂಡೆ ಎದ್ದು ಕೂತ. ದಪ್ಪ ಅಕ್ಷರದಲ್ಲಿ ಚೀಟಿ ಬರೆದೆ: “ಡಬ್ಬದಲ್ಲಿ ತಿನ್ನುವ ವಸ್ತು ಏನನ್ನೂ ಹಾಕಕೂಡದು.” ಕೆಳಗೆ ಸಹಿ, ಸಹಿಯ ಕೆಳಗೆ ರಬ್ಬರ್ ಸ್ಟಾಂಪು. ಶೇಂಗಾ ತಿಂದವನೇ ಸ್ಟಾಂಪು ಹೊಡೆದದ್ದು ಎನ್ನುವುದು ಚೀಟಿಯಲ್ಲಿ ಇರಲಿಲ್ಲ.

ಚೀಟಿಯ ಪರಿಣಾಮ ಕೂಡಲೇ ಆಯಿತು. ಮುಂದಿನ ಡಬ್ಬದಲ್ಲಿ ತಿನ್ನುವ ವಸ್ತು ಇರಲಿಲ್ಲ. ಆದರೆ ಡಬ್ಬ ಖಾಲಿಯೂ ಇರಲಿಲ್ಲ. ತಳದಲ್ಲಿ ಒಂದು ಹಿಡಿ ವಾಶರು, ನಾಲ್ಕೈದು ಸ್ಪ್ರಿಂಗು ಉಳಿದಿದ್ದವು. ನಾನು ಬಹಳ ಹೊತ್ತು ವಿಚಾರ ಮಾಡಿದೆ. ಭಾಗ ಉಳಿದಿವೆ ಎಂದರೆ ಡಬ್ಬ ಮುಗಿದಿಲ್ಲ. ಮುಗಿಯದ ಡಬ್ಬವನ್ನು ತುಂಬುವಂತಿಲ್ಲ, ಅರ್ಧ ಕಪ್ಪಿಗೆ ಮಾಣಿ ಚಹಾ ಸುರಿದನೇ? ಇಲ್ಲ. ತಪ್ಪಿ ಕಳಿಸಿದ್ದಾರೆ, ತಿಳಿದ ಮೇಲೆ ಹೇಳಿ ಕಳಿಸುತ್ತಾರೆ ಎಂದುಕೊಂಡು, ಡಬ್ಬವನ್ನು ಖಾಲಿ ಕಪಾಟಿನ ಮೇಲಿಟ್ಟು ‘ವಿಚಾರಣೆಯಲ್ಲಿದೆ’ ಎಂದು ಬರೆದು ಅಂಟಿಸಿದೆ. ಎರಡು ದಿನ ಬಿಟ್ಟು ಎರಡನೆಯ ಡಬ್ಬವೂ ಬಂತು, ಅದರಲ್ಲೂ ಒಂದು ಹಿಡಿ. ಅದನ್ನೂ ಮೊದಲನೆಯದರ ಪಕ್ಕದಲ್ಲಿ ವಿಚಾರಣೆಗೆ ಕೂರಿಸಿದೆ. ಮುರಗೋಡದ ಎಸ್‌ಟಿಡಿ ಬೂತಿಗೆ ಒಂದು ಫೋನು ಮಾಡಿ ನೀಲವ್ವನನ್ನು ಕರೆಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಖಾಲಿ ಡಬ್ಬವೇ ಫೋನು ಎಂದು ಪಾಠವಾಗಿತ್ತಲ್ಲ. ಫೋನು ಮಾಡಿದರೆ ವ್ಯವಸ್ಥೆ ಸೋತಂತೆ ಎಂದು ನನ್ನ ಹಟ.

ಐದು ದಿನ ಮುರಗೋಡದಿಂದ ಸುದ್ದಿಯೂ ಇಲ್ಲ, ಜೋಡಿಸಿದ ನೋಜಲ್ಲಿನ ಚೀಲವೂ ಇಲ್ಲ. ಇಲ್ಲಿ ಕಾರಖಾನೆಯಲ್ಲಿ ಪಂಪುಗಳು ನೋಜಲ್ ಇಲ್ಲದೆ ಸಾಲಾಗಿ ನಿಂತವು. ಮೊದಲಾಗಿದ್ದರೆ ಗೋದಾಮಿನ ಯಾವುದೋ ಮೂಲೆಯಲ್ಲಿ ಎರಡು ತಿಂಗಳಿಗಾಗುವಷ್ಟು ನೋಜಲ್ ಬಿದ್ದಿರುತ್ತಿದ್ದವು. ಅವನ್ನೆಲ್ಲ ಕೆಂಪು ಚೀಟಿ ಕಟ್ಟಿ ಸಾಗಹಾಕಿದ ಪುಣ್ಯಾತ್ಮ ನಾನೇ. ಇಷ್ಟರ ಮೇಲೆ ಗುರುವಾರ ದೇಶಪಾಂಡೆ ಸಾಹೇಬರು ಬರುವವರಿದ್ದರು. ಅವರು ನೋಡಿ ಒಪ್ಪಿದರೆ ಮಾತ್ರ ಪುಣೆಯ ಕೆಲಸ ನಮಗೆ ಖಾಯಂ. ಸಾವಕಾರರು ಮಂಗಳವಾರ ಸಂಜೆ ನನ್ನನ್ನು ಕರೆದು, ಅಪ್ಪನ ಗಾದಿಯ ಮೇಲೆ ಕೂತು, ಸಮಾಧಾನದಿಂದ ಮಾತಾಡಿದರು. ಅವರು ಸಮಾಧಾನದಿಂದ ಮಾತಾಡಿದರೆ ಹೆದರಬೇಕು ಎಂದು ಇಡೀ ಬೈಲಹೊಂಗಲಕ್ಕೆ ಗೊತ್ತು.

“ಅಂಗಡಿಯವರ, ಗೋದಾಮ ತುಂಬಿತ್ತು, ನಿಮ್ಮ ಮಾತ ಕೇಳಿ ತಗಸೀನಿ. ಮುರಗೋಡದ ಹೆಣ್ಮಕ್ಕಳಿಗೆ ಈಗ ಕೆಲಸ ಇಲ್ಲ, ನಮಗ ಮಾಲ ಇಲ್ಲ. ಪುಣೇದಾವ್ರು ಬಂದು ನೋಜಲ್ ಇಲ್ಲದ ಪಂಪ ನೋಡಿ ಹೋದ್ರಂದ್ರ, ನಾನೂ ಒಂದ ಕೆಂಪ ಚೀಟಿ ಬರೀತೇನಿ. ಅದನ್ನ ಯಾರ ಕೊಳ್ಳಾಗ ಕಟ್ಟೂದು ಅಂತ ನಿಮಗ ಹೇಳೂದ ಬ್ಯಾಡ.”

ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ನನಗೆ ಊಟ ಸೇರದಿದ್ದರೆ ಶಾಂತಾ ಡಾಕ್ಟರಿಗೆ ಹೇಳಿ ಕಳಿಸುವ ವಿಚಾರ ಮಾಡುತ್ತಾಳೆ. ನಲವತ್ತಾರರ ವಯಸ್ಸಿನಲ್ಲಿ ಹೊಸ ನೌಕರಿ ಯಾರು ಕೊಡುತ್ತಾರೆ, ನೀಲವ್ವನ ಒಂಬತ್ತು ಮನೆಗೆ ನಾನು ಏನು ಹೇಳಲಿ ಎಂದು ಒಂದೇ ಸಮನೆ ಯೋಚಿಸುತ್ತಿದ್ದೆ. ನಿಜವಾದ ಭಯವನ್ನು ಹೆಂಡತಿಯೆದುರು ಹೇಳಿಕೊಳ್ಳಲು ನಾಚಿಕೆಯಾಗಿ, ಸುಮ್ಮನೆ ಬೇರೆ ಮಾತು ತೆಗೆದೆ.

“ನಮ್ಮ ದೆಸೀನ ಸರಿ ಇಲ್ಲ ಬಿಡು. ಬಾಜೂಕಿನ ಸುಶೀಲಾಬಾಯಾರು ಸುದ್ದಾ ಈ ಸಲ ಹಬ್ಬಕ್ಕ ಏನೂ ಕಳಿಸಲಿಲ್ಲ.”

“ಅವರ ಪಂಚಮಿ ಡಬ್ಬಿ ಯಾರ ಕೊಟ್ಟ ಬಂದ್ರು?”

“ನಾನ ಕೊಟ್ಟ ಬಂದ್ನಿ. ತಿಕ್ಕಿ, ತೊಳದು, ಒರಿಸಿ ಕೊಟ್ನಿ.”

“ಅದರಾಗ ಏನ ಹಾಕಿ ಕೊಟ್ರಿ?”

“ಏನ ಹಾಕೂದು? ಖಾಲಿ ಡಬ್ಬಿ.”

ಶಾಂತಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. “ಬರೇ ಡಬ್ಬಿ ಕೊಟ್ಟ ಬಂದ್ರಿ? ಬರೇ ಡಬ್ಬಿ ಕೊಟ್ರ ಇನ್ನ ಮ್ಯಾಲ ಕಳಸಬ್ಯಾಡ್ರಿ ಅಂದಂಗ. ಇಲ್ಲಂದ್ರ ನಿಮ್ಮ ಮನಿ ಹಿಂಗ ಬರಿದಾಗ್ಲಿ ಅಂದಂಗ. ಒಂದ ಚಿಮಟಿಗಿ ಸಕ್ಕರಿ ಹಾಕಾಕ ನಿಮಗ ಏನಾಗಿತ್ರಿ? ಅದಕ್ಕ ಆಕಿ ಎರಡ ತಿಂಗಳಿಂದ ನನ್ನ ಮಾರಿ ನೋಡವಲ್ಲಳು. ನಾ ಏನ ತಪ್ಪ ಮಾಡೀನಿ ಅಂತ ತಲಿ ಕೆಡಿಸ್ಕೊಂಡೀನಿ.”

ನಮ್ಮವ್ವನೂ ಹೀಗೇ ಮಾಡುತ್ತಿದ್ದಳು. ಮಜ್ಜಿಗೆ ತಂದ ತಂಬಿಗೆಯಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಹಿಟ್ಟು ತಂದ ಬುಟ್ಟಿಯಲ್ಲಿ ಒಂದು ಸೌತೆಕಾಯಿ, ಏನೂ ಇಲ್ಲದ ದಿನ ಮೂರು ಕಾಳು ಸಕ್ಕರೆ. ಆ ತಂಬಿಗೆ ಬುಟ್ಟಿಗಳನ್ನು ಮುಟ್ಟಿಸಿ ಬರುತ್ತಿದ್ದವನು ನಾನೇ. ದಾರಿಯಲ್ಲಿ ಆ ಮೂರು ಕಾಳು ಸಕ್ಕರೆಯನ್ನು ತಿಂದು ಬೈಸಿಕೊಂಡವನೂ ನಾನೇ. ಇಷ್ಟೆಲ್ಲ ಗೊತ್ತಿದ್ದೂ ಮೂರು ದಿನದ ಪುಣೆ ಅದನ್ನು ತಲೆಯಿಂದ ಒರೆಸಿಹಾಕಿತ್ತು. ಕೈಯಲ್ಲಿ ತುತ್ತು ಹಿಡಿದುಕೊಂಡೇ ನನಗೆ ಕಪಾಟಿನ ಮೇಲಿನ ಎರಡು ನೀಲಿ ಡಬ್ಬ ಕಣ್ಣೆದುರು ಬಂದವು. ತಳದಲ್ಲಿ ಒಂದು ಹಿಡಿ ವಾಶರು. ತಿನ್ನುವ ವಸ್ತು ಹಾಕಕೂಡದು ಎಂದು ಸ್ಟಾಂಪು ಹೊಡೆದು ಹೇಳಿದವನು ನಾನು. ಮತ್ತೆ ಅವರು ಏನು ಹಾಕಬೇಕಿತ್ತು?

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಎರಡೂ ಡಬ್ಬ ತುಂಬಿಕೊಂಡು ನಾನೇ ಮುರಗೋಡಕ್ಕೆ ಹೊರಟೆ. ಹಿತ್ತಾಳೆ ಎಷ್ಟು ಭಾರ ಎನ್ನುವುದು ಅಷ್ಟು ವರ್ಷ ರಿಜಿಸ್ಟರಿನಲ್ಲಿ ಬರೆದವನಿಗೆ ಅವತ್ತು ಹೆಗಲಿಗೆ ತಿಳಿಯಿತು. ನೀಲವ್ವನ ಪಡಸಾಲೆಯಲ್ಲಿ ಕೆಲಸದ ಮಣೆಗಳು ಗೋಡೆಗೆ ಒರಗಿದ್ದವು. ಮೂವರು ಹೆಂಗಸರು ಸುಮ್ಮನೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

“ಬರ್ರಿ ಸಾಹೇಬ್ರ, ಕುಂತ್ಕೋರ್ರಿ. ಮೊದಲ ನೀರ ಕುಡೀರಿ,” ಎಂದಳು ನೀಲವ್ವ. ನೀರಿನ ಜೊತೆ ಬೆಲ್ಲ ಬಂತು. “ನೀವು ಸಿಟ್ಟಾಗೀರಿ ಅಂತ ತಿಳದಿದ್ವಿರಿ. ಚೀಟಿ ಕಳಿಸಿದ್ರಿ, ಆಮ್ಯಾಲ ಡಬ್ಬಾನೂ ಬರಲಿಲ್ಲ. ಕೆಲಸ ಬ್ಯಾರೇದಾವ್ರಿಗೆ ಕೊಟ್ರು ಅಂತ ಇವ್ರೆಲ್ಲಾ ಅತ್ರು. ಕೇಳಾಕ ಬರೂದರ ಹೆಂಗ್ರಿ? ಬ್ಯಾಡ ಅಂದಾವ್ರ ಬಾಗಲಿಗೆ ಹೋಗಬಾರ್ದಲ್ರಿ.”

“ಸಿಟ್ಟಲ್ಲ ನೀಲವ್ವ. ಡಬ್ಬದಾಗ ವಾಶರ್ ಉಳಿದಿದ್ವು. ಇನ್ನೂ ಮಾಲ ಮುಗದಿಲ್ಲ ಅಂತ ನಾ ತಿಳದ್ನಿ.”

“ಅಯ್ಯ, ಮುಗದ ಕಳಿಸಿದ್ವಿರಿ. ತಿನ್ನೂದು ಹಾಕಬ್ಯಾಡ ಅಂದ್ರಿ, ಅದಕ್ಕ ನಿಮ್ಮದ ಮಾಲ ಒಂದ ಹಿಡಿ ಉಳಿಸಿ ಹಾಕಿದ್ವಿ. ಹೊಟ್ಟಿಗೆ ಅನ್ನಾ ಹಾಕೂ ಡಬ್ಬ ಅದು. ಬರೇದ ಕಳಿಸಿ ನಿಮ್ಮ ಫ್ಯಾಕ್ಟರಿಗೆ ಯಾಕ ಕೆಟ್ಟದ್ದ ಬಯಸೂನ್ರಿ?”

ನಮ್ಮ ಗೋದಾಮು ಬರಿದು ಮಾಡಲು ನಾನು ಹಗಲುರಾತ್ರಿ ದುಡಿಯುತ್ತಿದ್ದಾಗ, ಅದು ತುಂಬಿರಲಿ ಎಂದು ಇಲ್ಲಿ ಒಂಬತ್ತು ಮಂದಿ ತಮ್ಮ ಕೂಲಿಯ ವಾಶರನ್ನೇ ಹಿಡಿ ಹಿಡಿ ಮರಳಿ ಕಳಿಸುತ್ತಿದ್ದರು. ನನಗೆ ಬಹಳ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಎದೆಯ ಮೇಲಿನ ಭಾರವೂ ಇಳಿಯಿತು. ಇದು ಆಲಸ್ಯವಲ್ಲ, ಮುನಿಸಲ್ಲ, ಮಾಲಿನ ಕೊರತೆಯೂ ಅಲ್ಲ. ಹಾಗಿದ್ದರೆ ಇದಕ್ಕೆ ದಾರಿ ಇದೆ. ಇನ್ನು ಮುಂದಾದರೂ ಡಬ್ಬ ಖಾಲಿ ಕಳಿಸಿ ಎಂದು ಕೈಮುಗಿದು ಕೇಳಿದೆ. ನೀಲವ್ವ ಜಗ್ಗಲಿಲ್ಲ. “ಬೇಕಾದ್ರ ಕೆಲಸ ಬಿಡಸ್ರಿ, ಬರೇ ಡಬ್ಬ ಕಳಸಾಕ ನನ್ನ ಕೈ ಏಳೂದಿಲ್ರಿ,” ಎಂದಳು. ಕೊನೆಗೆ ರಾಜಿಯಾಯಿತು. ಒಂದೂ ವಾಶರ್ ಉಳಿಸಬಾರದು, ಶೇಂಗಾ ಬೇಡ, ಕಾಗದದಲ್ಲಿ ಸುತ್ತಿದ ಒಂದು ಬೆಲ್ಲದ ಉಂಡೆ ಇರಲಿ. ಡಬ್ಬದಲ್ಲಿ ಬೆಲ್ಲ ಬಂತೆಂದರೆ ಮಾಲು ಮುಗಿಯಿತು, ತುಂಬಿ ಕಳಿಸಬೇಕು ಎಂದು ಅರ್ಥ.

ಅಷ್ಟು ಹೊತ್ತಿಗೆ ಒಂಬತ್ತೂ ಮಂದಿ ಬಂದು ಮಣೆ ಹಿಡಿದಿದ್ದರು. ನಾನೂ ಕೂತು ಜೋಡಿಸತೊಡಗಿದೆ. ಅವರು ಮಾತಾಡುತ್ತ, ನಗುತ್ತ, ಕೈಯ ಕಡೆ ನೋಡದೆಯೇ ಮಾಡುತ್ತಿದ್ದರು. ನಾನು ನಾಲಿಗೆ ಕಚ್ಚಿಕೊಂಡು ಮಧ್ಯಾಹ್ನದವರೆಗೆ ಮಾಡಿದ್ದನ್ನು ನೀಲವ್ವ ಒಂದೊಂದೇ ಊದಿ ನೋಡಿ, ಅರ್ಧಕ್ಕಿಂತ ಹೆಚ್ಚನ್ನು ಬೇರೆ ಇಟ್ಟಳು. “ಇವು ಮತ್ತ ಬಿಚ್ಚಬೇಕಾಗ್ತಾವ್ರಿ. ನೀವು ದಣದೀರಿ, ಒಂದೀಟ ಮಕ್ಕೋರ್ರಿ,” ಎಂದು ಬಹಳ ಮರ್ಯಾದೆಯಿಂದ ನನ್ನನ್ನು ಕೆಲಸದಿಂದ ತೆಗೆದಳು. ಸಂಜೆಯ ಬಸ್ಸಿಗೆ ಎರಡು ಚೀಲ ನೋಜಲ್ ಹತ್ತಿಸಿಕೊಂಡು ಬೈಲಹೊಂಗಲ ಮುಟ್ಟಿದೆ. ಬಸ್ಸಿನಲ್ಲಿ ಅವತ್ತು ಪಕ್ಕದ ಸೀಟು ಖಾಲಿಯಿತ್ತು, ಅದನ್ನು ಹಾಗೇ ಬಿಟ್ಟೆ.

ಗುರುವಾರ ದೇಶಪಾಂಡೆ ಸಾಹೇಬರು ಬಂದರು. ನೋಜಲ್ ಹಾಕಿದ ಪಂಪುಗಳನ್ನು ನೋಡಿದರು, ಬರಿದಾದ ಗೋದಾಮನ್ನು ನೋಡಿ ಸಂತೋಷಪಟ್ಟರು. ಸಾವಕಾರರು ಸಂತೋಷಪಟ್ಟವರಂತೆ ಮುಖ ಮಾಡಿದರು. ಎಲ್ಲ ಸುಸೂತ್ರ ಎನ್ನುವಾಗ ಬಸ್‌ಸ್ಟ್ಯಾಂಡಿನ ಹಮಾಲ ಮುರಗೋಡದ ನೀಲಿ ಡಬ್ಬ ಹೊತ್ತುಕೊಂಡು ನೆಟ್ಟಗೆ ನಮ್ಮ ನಡುವೆ ತಂದಿಟ್ಟ. ಸಾಹೇಬರಿಗೆ ಉತ್ಸಾಹ. ತಾವು ಕಲಿಸಿದ ಖಾಲಿ ಡಬ್ಬವನ್ನು ಕಣ್ಣಾರೆ ನೋಡಲು ತಾವೇ ಮುಚ್ಚಳ ತೆಗೆದರು. ತಳದಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ ನಿಂಬೆಹಣ್ಣಿನ ಗಾತ್ರದ ಬೆಲ್ಲ.

“ಹೇ ಕಾಯ?” ಎಂದು ಮರಾಠಿಯಲ್ಲಿ ಕೇಳಿದರು, ಇದೇನು ಎಂದು. ಸಾವಕಾರರು ನನ್ನ ಕಡೆ ನೋಡಿದರು. ಅವರ ಕೈ ಜೇಬಿನ ಕಡೆ ಹೋದದ್ದು ಕೆಂಪು ಚೀಟಿಗೋ ಕರವಸ್ತ್ರಕ್ಕೋ ಎಂದು ನನಗೆ ತಿಳಿಯಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ನಡೆದದ್ದೆಲ್ಲ ಹೇಳಿಬಿಟ್ಟೆ. ಶೇಂಗಾ, ಸ್ಟಾಂಪು, ವಾಶರು, ಸುಶೀಲಾಬಾಯಿಯವರ ಡಬ್ಬಿ, ಯಾವುದನ್ನೂ ಬಿಡಲಿಲ್ಲ. ಸಾಹೇಬರು ನಗಲಿಲ್ಲ. ಬೆಲ್ಲವನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ, ತಮ್ಮ ಆಯಿ, ಎಂದರೆ ತಾಯಿಯೂ, ಯಾರ ಡಬ್ಬಿಯನ್ನೂ ಬರಿದಾಗಿ ಮರಳಿಸುತ್ತಿರಲಿಲ್ಲ, ಹನ್ನೊಂದು ವರ್ಷದಿಂದ ಊರೂರಿಗೆ ಹೋಗಿ ಪಾಠ ಹೇಳುತ್ತಿದ್ದರೂ ಅದು ತಮಗೆ ನೆನಪಾಗಿರಲಿಲ್ಲ ಎಂದರು. ಬೆಲ್ಲ ಮುರಿದು ಅರ್ಧ ತಾವು ತಿಂದು, ಅರ್ಧ ಸಾವಕಾರರಿಗೆ ಕೊಟ್ಟರು. ಡಬ್ಬ ತುಂಬಿ ಮರುಬಸ್ಸಿಗೆ ಹೋಗುವವರೆಗೂ ಅಲ್ಲೇ ನಿಂತು ನೋಡಿದರು. ಆದರೆ ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳದೆ, ಮೇಲಿನವರಿಗೆ ಬರೆಯುತ್ತೇನೆ ಎಂದಷ್ಟೇ ಹೇಳಿ ಹೊರಟರು. ಹೊರಡುವಾಗ ಸಾವಕಾರರ ಮನೆಯಿಂದ ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟೆವು.

ಮುಂದಿನ ಮೂರು ವಾರ ನಾನು ಹೇಗೆ ಕಳೆದೆ ಎನ್ನುವುದು ನನಗೆ ಗೊತ್ತು. ಅಷ್ಟರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ನೀಲವ್ವನ ಬೆಲ್ಲದಲ್ಲಿ ಒಂದಿಷ್ಟನ್ನು ಬಟ್ಟಲಲ್ಲಿ ಹಾಕಿಕೊಂಡು ಸುಶೀಲಾಬಾಯಿಯವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. “ನಿಮಗ ತಿಳೀಲಿಕ್ಕಿಲ್ಲ ಅಂತ ನನಗ ಗೊತ್ತದ. ಆದ್ರ ಶಾಂತಾಗ ತಿಳೀತದಲ್ಲ, ಆಕಿನ ಕಳಿಸ್ಯಾಳ ಅಂತ ಮನಸ್ಸಿಗೆ ಹತ್ತಿತ್ತು,” ಎಂದರು ಅವರು. ದೀಪಾವಳಿಗೆ ಡಬ್ಬಿ ತುಂಬ ಚಕ್ಕುಲಿ ಬಂತು. ಶಾಂತಾ ನನ್ನ ಕೈಗೆ ಆ ಡಬ್ಬಿ ಸಿಗದಂತೆ ಎತ್ತರದಲ್ಲಿಟ್ಟಳು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಟ್ರಾನ್ಸ್‌ಪೋರ್ಟಿನವರು ಪುಣೆಯಿಂದ ಬಂದ ಒಂದು ಸಣ್ಣ ಗಂಟು ತಂದುಕೊಟ್ಟರು. ಬಿಚ್ಚಿದೆ. ನಮ್ಮದೇ ಸ್ಟೀಲ್ ಡಬ್ಬಿ. ಸಾವಕಾರರು ಗಾದಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತರು. ಮುಚ್ಚಳ ತೆಗೆಯಲು ನನ್ನ ಕೈ ಬರಲಿಲ್ಲ. ಡಬ್ಬಿ ಬರಿದಾಗಿದ್ದರೆ ಏನರ್ಥ ಎನ್ನುವುದು ಈಗ ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಎತ್ತಿ ಒಮ್ಮೆ ಅಲ್ಲಾಡಿಸಿದೆ. ಒಳಗೆ ಏನೋ ಸಪ್ಪಳವಾಯಿತು. ಆ ಸಪ್ಪಳ ಕೇಳಿದ ಮೇಲೆಯೇ ಮುಚ್ಚಳ ತೆಗೆದೆ. ಒಳಗಿದ್ದುದು ಪುಣೆಯ ಖಾರದ ಕುರುಕಲು ತಿಂಡಿ ಭಾಕರವಡಿ, ಅದರ ಮೇಲೆ ಮಡಚಿಟ್ಟ ಒಂದು ಕಾಗದ, ಒಂದು ವರ್ಷದ ಕೆಲಸದ ಆರ್ಡರು. ಸಾವಕಾರರು ಎರಡು ಸಲ ಓದಿದರು. ಆಮೇಲೆ ಜೇಬಿನಿಂದ ಮಡಚಿ ಮಡಚಿ ಜೀರ್ಣವಾದ ಒಂದು ಕೆಂಪು ಚೀಟಿ ತೆಗೆದು ನನ್ನ ಮುಂದಿಟ್ಟರು. ಅದರ ಮೇಲೆ ನನ್ನ ಹೆಸರಿತ್ತು. “ಹರದ ಒಗೀರಿ. ಬರೇ ಚೀಟಿ ಹೆಂಗ ಕೊಡೂದು, ಇದನ್ನೂ ತಗೋರ್ರಿ,” ಎಂದು ಅದರ ಮೇಲೆ ನಾಲ್ಕು ಭಾಕರವಡಿ ಇಟ್ಟರು.

ಅಲ್ಲಿಂದ ಮುಂದೆ ಎಂಟು ವರ್ಷ ಆ ಕೆಲಸ ನಡೆಯಿತು. ನಮ್ಮ ಗೋದಾಮು ಮತ್ತೆ ತುಂಬಲಿಲ್ಲ, ಒಂದು ದಿನವೂ ಪಂಪು ನೋಜಲ್ಲಿಗೆ ಕಾಯಲಿಲ್ಲ. ಪುಣೆಯಿಂದ ಬಂದವರೆಲ್ಲ ಇಷ್ಟು ತೆಳ್ಳಗಿನ ಕಾರಖಾನೆ ನೋಡಿಲ್ಲ ಎಂದು ಹೊಗಳಿ ಹೋದರು. ಒಂದೇ ಒಂದು ವಿಷಯ ಯಾರ ವರದಿಯಲ್ಲೂ ಬರಲಿಲ್ಲ. ಮುರಗೋಡದ ಡಬ್ಬ ಬಂದಾಗಲೆಲ್ಲ, ತುಂಬುವ ಮೊದಲು, ಅದರೊಳಗಿನ ಬೆಲ್ಲವನ್ನು ಯಾರಾದರೂ ತೆಗೆಯಲೇಬೇಕಲ್ಲ. ಎಸೆಯುವಂತಿಲ್ಲ, ಕೂಡಿಡುವಂತಿಲ್ಲ, ಕೂಡಿಟ್ಟರೆ ಅದು ಲೀನ್ ಅಲ್ಲ. ಬಂದದ್ದನ್ನು ಬಂದ ಕೂಡಲೇ ವಿಲೇವಾರಿ ಮಾಡುವ ಆ ಜವಾಬ್ದಾರಿಯನ್ನು ಸ್ಟೋರ್ ಕೀಪರನಾಗಿ ನಾನೇ ಹೊತ್ತುಕೊಂಡೆ. ಮೊನ್ನೆ ಪೆಟ್ಟಿಗೆಯಿಂದ ಪುಣೆಗೆ ಹೋಗುವಾಗ ಹೊಲಿಸಿದ್ದ ಪ್ಯಾಂಟು ಸಿಕ್ಕಿತು. ಹಾಕಿ ನೋಡಿದೆ, ಗುಂಡಿಗೂ ಕಾಜಿಗೂ ನಡುವೆ ಒಂದು ಗೇಣು. ಶಾಂತಾ ಬಾಗಿಲಲ್ಲಿ ನಿಂತು ನೋಡಿ, “ಇಷ್ಟ ವರ್ಷ ಕೇಳಿದ್ರೂ ಹೇಳಲಿಲ್ಲ ನೀವು, ಗೋದಾಮಿನ ಮಾಲೆಲ್ಲಾ ಎಲ್ಲಿಟ್ಟಿದ್ರಿ ಅಂತ ಈಗ ಗೊತ್ತಾತ ಬಿಡ್ರಿ,” ಎಂದಳು.